ಐರನ್ ಮಾತ್ರೆ ತಿಂದರೂ ರಕ್ತ ಏರುತ್ತಿಲ್ಲವೇ? ತಾಮ್ರದ ಕಡೆಗೂ ಒಮ್ಮೆ ನೋಡಿ

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ನಿಮ್ಮ ಮನೆಯಲ್ಲಿ ಯಾರಾದರೂ ರಕ್ತ ಕಡಿಮೆ ಅಂತ ಐರನ್ ಮಾತ್ರೆ ನುಂಗಿ, ಡ್ರಿಪ್ ಹಾಕಿಸಿಕೊಂಡು, ಬಿ12 ಇಂಜೆಕ್ಷನ್ ಚುಚ್ಚಿಸಿಕೊಂಡು, ಆದರೂ ಹಿಮೋಗ್ಲೋಬಿನ್ ಏರದೆ ಒದ್ದಾಡುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಅತ್ತೆಯವರ ವಿಷಯ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅತ್ತೆಗೆ ಮೊದಲು ಬಂದದ್ದು ಸುಸ್ತು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7ರ ಹತ್ತಿರ. ಐರನ್ ಶುರುವಾಯಿತು. ಏರಲಿಲ್ಲ. ಆಮೇಲೆ ಪಾದ ಜೋಮು ಹಿಡಿಯಿತು, ಅದು ನಿಧಾನವಾಗಿ ಮೊಣಕಾಲಿನವರೆಗೆ ಬಂತು. ಬೆಳಿಗ್ಗೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ಓಲಾಡಿ ಗೋಡೆ ಹಿಡಿಯುತ್ತಿದ್ದರು. ಹಗಲಲ್ಲಿ ನಡೆಯುತ್ತಾರೆ, ಕತ್ತಲಾದರೆ ಹೆಜ್ಜೆ ಇಡಲು ಆಗಲ್ಲ. ವಯಸ್ಸಾಯಿತು, ಶುಗರ್ ಇರಬಹುದು, ಬಿ12 ಇರಬಹುದು ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಶುಗರ್ ಇರಲಿಲ್ಲ. ಬಿ12 ಕೊಟ್ಟರೂ ಕಾಲು ಸರಿಹೋಗಲಿಲ್ಲ. ಅಷ್ಟರಲ್ಲಿ ಬಿಳಿ ರಕ್ತಕಣ ಕೂಡ ಇಳಿದಿತ್ತು. ಇದು ಮೂಳೆಮಜ್ಜೆಯ ದೊಡ್ಡ ಕಾಯಿಲೆ ಇರಬಹುದು ಅಂದಾಗ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ರಿಪೋರ್ಟ್ ನೋಡುವ ಮೊದಲು "ಅಮ್ಮ, ಮಾತ್ರೆ ಡಬ್ಬಿ ಕೊಡಿ" ಅಂದರು. ಅತ್ತೆಯದು ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ. ಅದರಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಎರಡನ್ನು ಬೇರೆ ಇಟ್ಟರು. ಒಂದು ಜಿಂಕ್ ಮಾತ್ರೆ. ಕೋವಿಡ್ ಎರಡನೇ ಅಲೆಯಲ್ಲಿ ಶುರು ಮಾಡಿದ್ದು, ಯಾರೂ ನಿಲ್ಲಿಸಿ ಅಂತ ಹೇಳಲಿಲ್ಲ. ಸ್ಟ್ರಿಪ್ ಮುಗಿದಾಗಲೆಲ್ಲ ಮೆಡಿಕಲ್ ಶಾಪಿನಲ್ಲಿ ಹಳೇ ಸ್ಟ್ರಿಪ್ ತೋರಿಸಿದರೆ ಹೊಸದು ಕೊಡುತ್ತಿದ್ದರು. ಇನ್ನೊಂದು ಕೂದಲು ಉದುರುವುದು ನಿಲ್ಲಲಿ ಅಂತ ಯಾರೋ ಹೇಳಿದ್ದು. ಅದರಲ್ಲೂ ಜಿಂಕ್.

ಆಮೇಲೆ ರಕ್ತದಲ್ಲಿ ತಾಮ್ರ ಪರೀಕ್ಷೆ ಮಾಡಿಸಿದರು. 70ರ ಮೇಲೆ ಇರಬೇಕಾದದ್ದು 14 ಇತ್ತು. ಜಿಂಕ್ ಮಿತಿ ದಾಟಿತ್ತು. ಜಿಂಕ್ ನಿಲ್ಲಿಸಿ ತಾಮ್ರದ ಮಾತ್ರೆ ಕೊಟ್ಟಿದ್ದಾರೆ.

ತಾಮ್ರದ ಕೊರತೆ ಅಂತ ಒಂದು ಕಾಯಿಲೆ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಇಲ್ಲಿ ತಿಳಿದವರು ಇದ್ದೀರಿ. ಇದು ಹೇಗೆ ಆಗುತ್ತದೆ, ಊಟದಲ್ಲಿ ಏನು ಕೊಡಬೇಕು, ಸ್ವಲ್ಪ ಬಿಡಿಸಿ ಹೇಳಿ.

ಮೂಡಿಗೆರೆ ತೋಟ

ಅಕ್ಕ, ಅತ್ತೆಯವರು ಬೇಗ ಹುಷಾರಾಗಲಿ. ನನಗೆ ಒಂದು ಅರ್ಥ ಆಗಲಿಲ್ಲ. ನಾವು ಮಲೆನಾಡಿನವರು ಮಳೆಗಾಲ ಬಂದರೆ ಅಡಿಕೆಗೆ, ಮೆಣಸಿಗೆ, ಕಾಫಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಹೊಡೆಯುತ್ತಲೇ ಇರುತ್ತೇವೆ. ಅದು ತಾಮ್ರವೇ ಅಲ್ವಾ? ಮಣ್ಣಲ್ಲೂ ಇದೆ, ಹಳ್ಳದ ನೀರಲ್ಲೂ ಇರುತ್ತದೆ. ಮನೆಯಲ್ಲಿ ಹಂಡೆ, ಚೊಂಬು ಎಲ್ಲ ತಾಮ್ರ. ಇಷ್ಟಿದ್ದೂ ನಮ್ಮ ಕಡೆಯವರಿಗೆ ತಾಮ್ರ ಕಡಿಮೆ ಆಗುತ್ತದೆ ಅಂದರೆ ನಂಬುವುದು ಕಷ್ಟ.

ಪೋಷಣೆ ಓದಿದವಳು (ಚಿಕ್ಕಮಗಳೂರು)

ಹೇಮಾವತಿ ಅಕ್ಕ, ಆ ಡಾಕ್ಟರು ಡಬ್ಬಿ ಸುರಿದು ನೋಡಿದ್ದು ನಿಜವಾಗಿಯೂ ದೊಡ್ಡ ಕೆಲಸ. ಎಷ್ಟೋ ಕಡೆ ಇದು ತಪ್ಪಿಹೋಗುತ್ತದೆ. ಉದ್ದವಾದರೂ ಬರೆಯುತ್ತೇನೆ, ಯಾಕೆಂದರೆ ತಡವಾದಷ್ಟೂ ಕಾಲಿನ ನರ ವಾಪಸ್ ಬರುವುದು ಕಷ್ಟ.

ನಮ್ಮ ಮೈಯಲ್ಲಿ ಇರುವ ತಾಮ್ರ ಒಟ್ಟು ಸುಮಾರು 100 ಮಿಲಿಗ್ರಾಂ, ಅಷ್ಟೇ. ದಿನಕ್ಕೆ ಬೇಕಾದದ್ದು ದೊಡ್ಡವರಿಗೆ ಅಮೆರಿಕದ ಲೆಕ್ಕದಲ್ಲಿ 900 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂಗಿಂತ ಕಡಿಮೆ. ಬಸುರಿಗೆ 1000, ಹಾಲೂಡಿಸುವವರಿಗೆ 1300. ಪ್ರಮಾಣ ಸಣ್ಣದು, ಆದರೆ ಅದು ಮಾಡುವ ಕೆಲಸ ಬಹಳ. ಹೊಟ್ಟೆಗೆ ಬಂದ ಕಬ್ಬಿಣ ಕರುಳಿನ ಗೋಡೆ ದಾಟಿ ರಕ್ತಕ್ಕೆ ಬರಲು, ಈಲಿಯಲ್ಲಿ (ಲಿವರ್) ಕೂಡಿಟ್ಟ ಕಬ್ಬಿಣ ಹೊರಗೆ ಬರಲು ತಾಮ್ರ ಇರುವ ಕಿಣ್ವಗಳು ಬೇಕು. ತಾಮ್ರ ಇಲ್ಲದಿದ್ದರೆ ಕಣಜ ತುಂಬಿದ್ದರೂ ಅಳೆದು ಕೊಡುವವರಿಲ್ಲದ ಹಾಗೆ. ಅದಕ್ಕೇ ಐರನ್ ಮಾತ್ರೆ ಎಷ್ಟು ಕೊಟ್ಟರೂ ಅತ್ತೆಯವರ ರಕ್ತ ಏರಲಿಲ್ಲ.

ಇದು ಹೊಸ ವಿಷಯವೇನಲ್ಲ. 1928ರಲ್ಲೇ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹಾರ್ಟ್, ಸ್ಟೀನ್‌ಬಾಕ್ ಮತ್ತು ಅವರ ಜೊತೆಗಾರರು ಇದನ್ನು ತೋರಿಸಿದ್ದರು. ಇಲಿಗಳಿಗೆ ಬರೀ ಹಾಲು ಕೊಟ್ಟು ಬೆಳೆಸಿದರು. ರಕ್ತ ಕಡಿಮೆಯಾಯಿತು. ಶುದ್ಧ ಕಬ್ಬಿಣ ಕೊಟ್ಟರೂ ಏರಲಿಲ್ಲ. ಈಲಿಯನ್ನು ಸುಟ್ಟು ಅದರ ಬೂದಿ ಸೇರಿಸಿದರು, ಏರಿತು. ಆ ಬೂದಿಯಲ್ಲಿ ಕೆಲಸ ಮಾಡಿದ್ದು ತಾಮ್ರ.

ನರದ ಕಥೆ ಮಾತ್ರ ಡಾಕ್ಟರುಗಳ ಕಣ್ಣಿಗೆ ಚೆನ್ನಾಗಿ ಬಿದ್ದದ್ದು 2000ದ ಈಚೆಗೆ. ತಾಮ್ರ ತುಂಬಾ ದಿನ ಕಡಿಮೆಯಾದರೆ ಬೆನ್ನುಹುರಿಯ ಹಿಂಭಾಗ ಕೆಡುತ್ತದೆ. ಕಾಲು ಎಲ್ಲಿದೆ ಅಂತ ಮೆದುಳಿಗೆ ಗೊತ್ತಾಗುವುದು ಆ ದಾರಿಯಿಂದ. ಅದಕ್ಕೇ ಕಣ್ಣು ಮುಚ್ಚಿದರೆ, ಕತ್ತಲಾದರೆ ಓಲಾಟ. ಬಿ12 ಕೊರತೆಯಲ್ಲೂ ಹೀಗೇ ಆಗುತ್ತದೆ, ನೋಡಲು ಎರಡೂ ಒಂದೇ ತರಹ. ಬಿ12 ಸರಿಯಿದ್ದೂ, ಅಥವಾ ಬಿ12 ಕೊಟ್ಟೂ ಹೆಜ್ಜೆ ತಪ್ಪುತ್ತಿದ್ದರೆ ತಾಮ್ರ ನೋಡಲೇಬೇಕು. ಮೂಳೆಮಜ್ಜೆಯ ಪರೀಕ್ಷೆಯಲ್ಲೂ ಇದು ಮೈಲೋಡಿಸ್ಪ್ಲಾಸಿಯಾ ಅನ್ನುವ ಗಂಭೀರ ಕಾಯಿಲೆಯ ತರಹ ಕಾಣಬಹುದು. ವ್ಯತ್ಯಾಸ ಏನೆಂದರೆ, ತಾಮ್ರದ ಕೊರತೆಯ ರಕ್ತ ವಾಸಿಯಾಗುತ್ತದೆ.

ಮೂಡಿಗೆರೆ ಅಣ್ಣ, ಈಗ ನಿಮ್ಮ ಪ್ರಶ್ನೆ. ಊಟದಲ್ಲಿ ತಾಮ್ರ ಇಲ್ಲದೆ ಕೊರತೆ ಬರುವುದು ದೊಡ್ಡವರಲ್ಲಿ ಅಪರೂಪ, ನೀವು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ತಿಂದ ತಾಮ್ರ ಒಳಗೆ ಹೋಗದೆ ಇರುವುದೇ ಇಲ್ಲಿ ಕಾರಣ. ಜಿಂಕ್ ಜಾಸ್ತಿ ತಿಂದಾಗ ಕರುಳಿನ ಜೀವಕೋಶಗಳು ಮೆಟಲೋಥಯೋನಿನ್ ಅನ್ನುವ ಪ್ರೋಟೀನನ್ನು ಜಾಸ್ತಿ ಮಾಡುತ್ತವೆ. ಅದು ಜಿಂಕ್‌ಗಿಂತ ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆ ಜೀವಕೋಶಗಳು ಕೆಲವೇ ದಿನದಲ್ಲಿ ಉದುರಿ ಮಲದ ಜೊತೆ ಹೋಗುತ್ತವೆ. ಹಿಡಿದಿಟ್ಟ ತಾಮ್ರವೂ ಅದರ ಜೊತೆಗೇ ಹೋಗುತ್ತದೆ. ದಿನಾ ಜಿಂಕ್, ದಿನಾ ಹೀಗೇ. ವಿಲ್ಸನ್ ಕಾಯಿಲೆಯವರಿಗೆ ಮೈಯಲ್ಲಿ ತಾಮ್ರ ಜಾಸ್ತಿ ಸೇರುತ್ತದಲ್ಲ, ಅವರಿಗೆ ಜಿಂಕನ್ನೇ ಔಷಧಿಯಾಗಿ ಕೊಡುವುದು ಇದೇ ಕಾರಣಕ್ಕೆ.

ದೊಡ್ಡವರಿಗೆ ಜಿಂಕ್ ದಿನಕ್ಕೆ ಎಲ್ಲ ಸೇರಿ 40 ಮಿಲಿಗ್ರಾಂ ದಾಟಬಾರದು ಅಂತ ಅಮೆರಿಕದವರು ಮಿತಿ ಹಾಕಿದ್ದು ತಾಮ್ರಕ್ಕೆ ಪೆಟ್ಟು ಬೀಳುತ್ತದೆ ಅಂತಲೇ. ಸ್ಟ್ರಿಪ್ ಓದುವಾಗ ಒಂದು ಗಮನಿಸಿ. "ಜಿಂಕ್ ಸಲ್ಫೇಟ್ ಮೊನೊಹೈಡ್ರೇಟ್ 61.8 ಮಿ.ಗ್ರಾಂ" ಅಂತ ಇದ್ದರೆ ಅದರಲ್ಲಿ ನಿಜವಾದ ಜಿಂಕ್ ಸುಮಾರು 22.5 ಮಿ.ಗ್ರಾಂ. "ಎಲಿಮೆಂಟಲ್ ಜಿಂಕ್ 50 ಮಿ.ಗ್ರಾಂ" ಅಂತ ಇದ್ದರೆ ಪೂರ್ತಿ 50. ಎರಡು ಮೂರು ಮಾತ್ರೆಗಳಲ್ಲಿ ಇರುವುದನ್ನು ಕೂಡಿಸಿ ನೋಡಬೇಕು.

ಜಿಂಕ್ ಬಿಟ್ಟರೆ ಇನ್ನೊಂದು ದೊಡ್ಡ ಕಾರಣ ಹೊಟ್ಟೆಯ ಆಪರೇಷನ್. ತಾಮ್ರ ಒಳಗೆ ಹೋಗುವುದು ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗದಿಂದ. ತೂಕ ಇಳಿಸಲು ಬೈಪಾಸ್ ಮಾಡಿಸಿಕೊಂಡವರು, ಹುಣ್ಣಿಗೋ ಕ್ಯಾನ್ಸರಿಗೋ ಜಠರದ ಭಾಗ ತೆಗೆಸಿಕೊಂಡವರು ಎಷ್ಟೋ ವರ್ಷದ ಮೇಲೂ ಇದಕ್ಕೆ ಒಳಗಾಗಬಹುದು. ಕಟ್ಟಿಸಿಕೊಂಡ ಹಲ್ಲಿಗೆ ಹಚ್ಚುವ ಅಂಟಿನಲ್ಲಿ ಹಿಂದೆ ಜಿಂಕ್ ಇರುತ್ತಿತ್ತು. ದಿನಾ ಜಾಸ್ತಿ ಬಳಸಿದವರಿಗೆ ನರ ಹೋದ ಉದಾಹರಣೆಗಳು ಹೊರದೇಶದಲ್ಲಿ ದಾಖಲಾಗಿವೆ. ಅದನ್ನೂ ಕೇಳಿ ನೋಡಿ.

ಕಡೂರು ಹುಡುಗ

ಮೇಡಂ, ಗಾಬರಿ ಆಯಿತು. ನನ್ನ ಮಗಳಿಗೆ ಭೇದಿ ಆಗಿದೆ, ಆಶಾ ಅಕ್ಕ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ ಕೊಟ್ಟು ಹೋಗಿದ್ದಾರೆ. ನಿಲ್ಲಿಸಲಾ?

ಪೋಷಣೆ ಓದಿದವಳು (ಚಿಕ್ಕಮಗಳೂರು)

ಬೇಡ, ಖಂಡಿತ ನಿಲ್ಲಿಸಬೇಡಿ. ಅದು 14 ದಿನದ ಔಷಧಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಭೇದಿ ಬೇಗ ನಿಲ್ಲುತ್ತದೆ, ಮುಂದಿನ ತಿಂಗಳುಗಳಲ್ಲಿ ಮತ್ತೆ ಬರುವುದೂ ಕಡಿಮೆಯಾಗುತ್ತದೆ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ನಾನು ಹೇಳುತ್ತಿರುವುದು ಯಾರೂ ಲೆಕ್ಕ ಇಡದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿನ್ನುವ ಜಿಂಕ್ ಬಗ್ಗೆ.

ಕಡೂರು ಹುಡುಗ

ಸರಿ ಮೇಡಂ. ಪೂರ್ತಿ ಕೊಡುತ್ತೇನೆ. ಥ್ಯಾಂಕ್ಸ್.

ಅಜ್ಜಿಮನೆ (ಸಕಲೇಶಪುರ)

ನಮ್ಮ ಮನೆಯಲ್ಲಿ ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವುದು ಮೊದಲಿನಿಂದ ರೂಢಿ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಥಳಥಳ ಮಾಡಿಟ್ಟರೆ ನೋಡಲೂ ಚೆಂದ. ಹೇಮಾವತಿ, ನಿಮ್ಮ ಅತ್ತೆಗೂ ಒಂದು ಚೊಂಬು ತೆಗೆದುಕೊಡಿ. ಮಾತ್ರೆ ಯಾಕೆ ಬೇಕು? ನಮ್ಮ ಹಿರಿಯರಿಗೆ ಈ ಕಾಯಿಲೆ ಬರಲಿಲ್ಲ ಅಂದರೆ ಇದೇ ಕಾರಣ ಅಂತ ನನ್ನ ನಂಬಿಕೆ.

ಪೋಷಣೆ ಓದಿದವಳು (ಚಿಕ್ಕಮಗಳೂರು)

ಅಮ್ಮ, ಚೊಂಬಿನ ನೀರು ಒಳ್ಳೆಯದೇ, ಬಿಡಬೇಡಿ. ಬೆಂಗಳೂರಿನಲ್ಲಿ ಇದರ ಮೇಲೆ ಸರಿಯಾದ ಪ್ರಯೋಗವೇ ನಡೆದಿದೆ, 2012ರಲ್ಲಿ ಪ್ರಕಟವಾಯಿತು. ಕಾಲರಾ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ನೋಡಿದರೆ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಆ ನೀರಿಗೆ ಇಳಿದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ 2 ಮಿಲಿಗ್ರಾಂವರೆಗೆ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದಕ್ಕಿಂತ ಎಷ್ಟೋ ಕಡಿಮೆ.

ಆದರೆ ಲೆಕ್ಕ ನೋಡಿ. ಒಂದು ಲೀಟರಿನ ಚೊಂಬು ನೀರಲ್ಲಿ ಸಿಗುವುದು ದಿನದ ಅಗತ್ಯದ ಐದನೇ ಒಂದು ಭಾಗದಷ್ಟು. ಚೆನ್ನಾಗಿರುವವರಿಗೆ ಅದು ಸೇರಿಕೊಳ್ಳುತ್ತದೆ, ಸರಿ. ಹೇಮಾವತಿ ಅಕ್ಕನ ಅತ್ತೆಗೆ ಡಾಕ್ಟರು ದಿನಕ್ಕೆ ಹಲವು ಮಿಲಿಗ್ರಾಂ ಕೊಟ್ಟಿರುತ್ತಾರೆ. ನರ ಹೋಗುತ್ತಿರುವಾಗ ಚೊಂಬಿನ ಮೇಲೆ ಭಾರ ಹಾಕಿ ಕೂರಬಾರದು. ಜಿಂಕ್ ಮುಂದುವರಿಸಿಕೊಂಡು ಚೊಂಬಿನ ನೀರು ಕುಡಿದರಂತೂ ಆ ತಾಮ್ರವೂ ಕರುಳಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು, ಇದು ಮಕ್ಕಳಿರುವ ಮನೆಗೆ. ನೀರು ಬೇರೆ, ಹಾಲು ಬೇರೆ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹಾಲು ಕಾಯಿಸಿ ಅದರಲ್ಲೇ ಇಟ್ಟು ಹಸುಗೂಸಿಗೆ ಕುಡಿಸಬೇಡಿ. ನಮ್ಮ ದೇಶದಲ್ಲಿ ಹಿಂದೆ ಪುಟ್ಟ ಮಕ್ಕಳ ಈಲಿ ಗಟ್ಟಿಯಾಗಿ ಸಾಯುವ ಒಂದು ಕಾಯಿಲೆ ಇತ್ತು. 1983ರಲ್ಲಿ ಪುಣೆಯ ಮಕ್ಕಳನ್ನು ನೋಡಿದ ವೈದ್ಯರು ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿದ ಹಾಲನ್ನು ಬಹಳ ಬೇಗ ಶುರು ಮಾಡಿದ್ದು ಕಾರಣ ಇರಬಹುದು ಅಂದರು. ಸ್ಟೀಲ್ ಪಾತ್ರೆ ಬಂದ ಮೇಲೆ ಆ ಕಾಯಿಲೆ ಹೆಚ್ಚುಕಮ್ಮಿ ಕಾಣೆಯಾಗಿದೆ.

ಅಜ್ಜಿಮನೆ (ಸಕಲೇಶಪುರ)

ಇದನ್ನು ಒಪ್ಪುತ್ತೇನೆ ಮಗಳೇ. ನಮ್ಮ ಅಮ್ಮನೂ ಹುಳಿ, ಮಜ್ಜಿಗೆಯನ್ನು ಕಲಾಯಿ ಇಲ್ಲದ ಪಾತ್ರೆಗೆ ಹಾಕಲು ಬಿಡುತ್ತಿರಲಿಲ್ಲ. ಕಿಲುಬು ಬರುತ್ತದೆ, ವಾಂತಿ ಆಗುತ್ತದೆ ಅನ್ನುತ್ತಿದ್ದರು. ಕಲಾಯಿ ಹಾಕುವವರು ಬೀದಿಗೆ ಬಂದಾಗ ಓಡಿ ಹೋಗಿ ಪಾತ್ರೆ ಕೊಡುತ್ತಿದ್ದೆವು. ಈಗ ಅವರೇ ಸಿಗುವುದಿಲ್ಲ. ಕಲಾಯಿ ಹೋದದ್ದನ್ನು ಬರೀ ನೀರು ಕಾಯಿಸಲು ಇಟ್ಟುಕೊಂಡಿದ್ದೇವೆ.

ಮೂಡಿಗೆರೆ ತೋಟ

ನನ್ನ ಅನುಮಾನ ಬಗೆಹರಿಯಿತು ಮೇಡಂ. ತೋಟದ ಕಡೆಯಿಂದ ಒಂದು ಮಾತು ಸೇರಿಸಲೇಬೇಕು. ಇದನ್ನು ಓದಿದ ಯಾರಾದರೂ "ತಾಮ್ರ ಬೇಕಂತೆ" ಅಂತ ಮೈಲುತುತ್ತದ ಹತ್ತಿರ ಹೋಗಬಾರದು ಅಂತ ಭಯ ಆಗುತ್ತದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೋರ್ಡೋ ಔಷಧಿ ಅಂದರೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಬೇರೆ ಕರಗಿಸಿ, ಸುಣ್ಣ ಬೇರೆ ಕದಡಿ, ಆಮೇಲೆ ಸೇರಿಸುತ್ತೇವೆ. ಸರಿಯಾಗಿದೆಯಾ ಅಂತ ನೋಡಲು ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದುತ್ತೇವೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನೂ ಹಾಕಬೇಕು ಅಂತ ಅರ್ಥ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗ ಯಾವ ಶಿಲೀಂಧ್ರದಿಂದ ಅಂತ ಕಂಡುಹಿಡಿದು ಈ ಔಷಧಿಯನ್ನು ನಮ್ಮ ಕಡೆ ಬಳಕೆಗೆ ತಂದರು. ನೂರು ವರ್ಷದ ಮೇಲಾಯಿತು, ಇವತ್ತಿಗೂ ಅಡಿಕೆ ಉಳಿದಿದ್ದರೆ ಅದರಿಂದ.

ಆದರೆ ಆ ನೀಲಿ ಹರಳು ಹೊಟ್ಟೆಗೆ ಹೋದರೆ ವಿಷ. ಗಂಟಲು, ಹೊಟ್ಟೆ ಸುಡುತ್ತದೆ, ರಕ್ತಕಣ ಒಡೆಯುತ್ತದೆ, ಕಿಡ್ನಿ ಹೋಗುತ್ತದೆ. ಹೊಡೆಯುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ವರ್ಷಗಟ್ಟಲೆ ಅದರ ಹನಿ ಉಸಿರಾಡಿದರೂ ತೊಂದರೆಯೇ. ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ಇದೇ ಔಷಧಿ ಹೊಡೆಯುತ್ತಿದ್ದವರ ಶ್ವಾಸಕೋಶ ಕೆಟ್ಟಿದ್ದನ್ನು 1969ರಲ್ಲಿ ಅಲ್ಲಿನ ವೈದ್ಯರು ಬರೆದಿದ್ದಾರೆ. ದೋಟಿ ಹಿಡಿದು ಹೊಡೆಯುವ ನಮ್ಮ ಹುಡುಗರಿಗೆ ಮಾಸ್ಕು, ಕನ್ನಡಕ ಕೊಡುವುದು ಮಾಲೀಕರ ಕರ್ತವ್ಯ. ಅದನ್ನು ಖರ್ಚು ಅಂತ ನೋಡಬೇಡಿ.

ಕೊಪ್ಪ ಪೇಟೆ

ನಾನು ಎಲೆ ಅಡಿಕೆ ಹಾಕುತ್ತೇನೆ. ಅಡಿಕೆಯಲ್ಲಿ ತಾಮ್ರ ಜಾಸ್ತಿ ಇದೆಯಂತೆ, ಹಾಗಾದರೆ ನಮಗೆ ಕೊರತೆ ಬರಲ್ಲ ಅಲ್ವಾ?

ಪೋಷಣೆ ಓದಿದವಳು (ಚಿಕ್ಕಮಗಳೂರು)

ಅಣ್ಣ, ಅಡಿಕೆಯಲ್ಲಿ ತಾಮ್ರ ಜಾಸ್ತಿ ಇರುವುದು ನಿಜ, ಅದೇ ಕಾರಣಕ್ಕೆ ಅದು ಬೇಡ. ತಾಮ್ರದಿಂದ ನಡೆಯುವ ಲೈಸಿಲ್ ಆಕ್ಸಿಡೇಸ್ ಅನ್ನುವ ಕಿಣ್ವ ನಮ್ಮ ಚರ್ಮ, ಮೂಳೆ, ರಕ್ತನಾಳದ ಎಳೆಗಳನ್ನು ಗಟ್ಟಿ ಮಾಡುತ್ತದೆ. ಅಡಿಕೆ ಅಗಿಯುವಾಗ ಕೆನ್ನೆಯ ಒಳಗೆ ಇದೇ ಕೆಲಸ ಅತಿಯಾಗಿ ನಡೆದು ಬಾಯಿ ಬಿಗಿಯಾಗುತ್ತದೆ, ತೆರೆಯಲು ಆಗದ ಸ್ಥಿತಿ ಬರುತ್ತದೆ ಅಂತ ಸಂಶೋಧಕರು ಹೇಳುತ್ತಾರೆ. ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರದಿ ಕೊಟ್ಟಿದೆ. ಅಡಿಕೆ ಬೆಳೆಯುವ ಊರಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ತಾಮ್ರಕ್ಕೆ ಅಂತ ಅಡಿಕೆ ಅಗಿಯಬೇಡಿ.

ದನದ ಡಾಕ್ಟ್ರು (ಅರಸೀಕೆರೆ)

ನಾನು ಪಶುವೈದ್ಯ. ಹೇಮಾವತಿ ಅವರು ಅತ್ತೆಯವರ ನಡಿಗೆ ಬಗ್ಗೆ ಬರೆದದ್ದು ಓದಿದ ಕೂಡಲೇ ನನಗೆ ಕುರಿಮರಿ ಕಣ್ಣಿಗೆ ಬಂತು. ನಮ್ಮ ಓದಿನಲ್ಲಿ ತಾಮ್ರದ ಕೊರತೆ ಮೊದಲ ವರ್ಷಗಳಲ್ಲೇ ಬರುತ್ತದೆ. ಗಬ್ಬದ ಕುರಿಗೆ ತಾಮ್ರ ಸಾಲದೆ ಹೋದರೆ ಹುಟ್ಟುವ ಮರಿಯ ಹಿಂಗಾಲು ನಿಲ್ಲುವುದಿಲ್ಲ. ಓಡಿಸಿದರೆ ಸೊಂಟ ಆ ಕಡೆ ಈ ಕಡೆ ಓಲಾಡಿ ಕೂತುಬಿಡುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬೆನೆಟ್ಸ್ ಮತ್ತು ಚಾಪ್‌ಮನ್ 1937ರಲ್ಲಿ ಇದಕ್ಕೆ ತಾಮ್ರದ ಕೊರತೆ ಕಾರಣ ಅಂತ ತೋರಿಸಿದರು. ಪ್ರಾಣಿಗಳಲ್ಲಿ ಇಷ್ಟು ಹಿಂದೆಯೇ ಗೊತ್ತಿದ್ದ ನಡಿಗೆಯ ತೊಂದರೆ ಮನುಷ್ಯರಲ್ಲಿ ಗುರುತಿಸಲು ಅರವತ್ತು ವರ್ಷದ ಮೇಲೆ ಹಿಡಿಯಿತು. ಇದು ನನಗೆ ಬೇಸರದ ವಿಷಯ. ದನದ ಡಾಕ್ಟ್ರು, ಮನುಷ್ಯರ ಡಾಕ್ಟ್ರು ಕೂತು ಮಾತಾಡುವುದು ಕಡಿಮೆ.

ಕಪ್ಪು ದನಕ್ಕೆ ತಾಮ್ರ ಕಡಿಮೆಯಾದರೆ ಕಣ್ಣಿನ ಸುತ್ತ ಕೂದಲು ಬೆಳ್ಳಗಾಗಿ ಕನ್ನಡಕ ಹಾಕಿದ ಹಾಗೆ ಕಾಣುತ್ತದೆ. ಕೂದಲಿನ ಬಣ್ಣ ಮಾಡುವ ಟೈರೋಸಿನೇಸ್ ಕಿಣ್ವಕ್ಕೂ ತಾಮ್ರ ಬೇಕು. ಕಪ್ಪು ಕುರಿಯ ಉಣ್ಣೆ ಬೂದು ಬಣ್ಣಕ್ಕೆ ತಿರುಗುತ್ತದೆ, ಗುಂಗುರು ಹೋಗಿ ನೆಟ್ಟಗಾಗುತ್ತದೆ.

ದನ, ಕುರಿಗೆ ಇನ್ನೊಂದು ದಾರಿಯಿಂದಲೂ ಕೊರತೆ ಬರುತ್ತದೆ. ಮೇವಿನಲ್ಲಿ ಮಾಲಿಬ್ಡಿನಮ್ ಮತ್ತು ಗಂಧಕ ಜಾಸ್ತಿ ಇದ್ದರೆ ಮೆಲುಕು ಹಾಕುವ ಹೊಟ್ಟೆಯಲ್ಲಿ ಅವು ಸೇರಿ ತಾಮ್ರವನ್ನು ಕಟ್ಟಿಹಾಕುತ್ತವೆ. ಮನುಷ್ಯರಿಗೆ ಆ ಹೊಟ್ಟೆ ಇಲ್ಲ, ಹಾಗಾಗಿ ಆ ಭಯ ಬೇಡ. ಕುರಿ ಸಾಕುವವರಿಗೆ ಒಂದು ಎಚ್ಚರಿಕೆ. ಕುರಿಗೆ ತಾಮ್ರ ಸ್ವಲ್ಪ ಜಾಸ್ತಿಯಾದರೂ ಈಲಿಯಲ್ಲಿ ಸೇರುತ್ತಾ ಹೋಗಿ ಒಂದು ದಿನ ಏಕಾಏಕಿ ಸಾಯುತ್ತದೆ. ದನಕ್ಕೆ ತಂದ ಖನಿಜ ಮಿಶ್ರಣ ಕುರಿಗೆ ಹಾಕಬೇಡಿ.

ಬೇಲೂರು ರಸ್ತೆ

ಡಾಕ್ಟ್ರೇ, ನನಗಿನ್ನೂ ಇಪ್ಪತ್ತೈದು, ಆಗಲೇ ತಲೆ ಬೆಳ್ಳಗಾಗುತ್ತಿದೆ. ಕನ್ನಡಕದ ದನದ ಹಾಗೆ ನನಗೂ ತಾಮ್ರ ಕಡಿಮೆಯಾ?

ದನದ ಡಾಕ್ಟ್ರು (ಅರಸೀಕೆರೆ)

ತಮ್ಮ, ಮನುಷ್ಯರಲ್ಲಿ ಬೇಗ ಬೆಳ್ಳಗಾಗುವುದು ಹೆಚ್ಚಾಗಿ ಮನೆತನದಿಂದ ಬರುತ್ತದೆ. ಅಪ್ಪ, ಮಾವಂದಿರ ತಲೆ ಯಾವಾಗ ಬೆಳ್ಳಗಾಯಿತು ಕೇಳಿ. ರಕ್ತ ಸರಿಯಿದ್ದು ನಡಿಗೆ ಸರಿಯಿದ್ದರೆ ಬರೀ ಕೂದಲು ನೋಡಿ ತಾಮ್ರದ ಮಾತ್ರೆ ತಿನ್ನಬೇಡಿ. ಬಿ12, ಥೈರಾಯ್ಡ್ ಬೇಕಾದರೆ ನಿಮ್ಮ ಡಾಕ್ಟರ ಹತ್ತಿರ ನೋಡಿಸಿ.

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ಕೈಮುಗಿಯುತ್ತೇನೆ. ಅತ್ತೆಗೆ ಓದಿ ಹೇಳಿದೆ. ಕುರಿಮರಿ ವಿಷಯ ಕೇಳಿ "ನನ್ನ ಕಾಲೂ ಹಾಗೇ ಇದೆ" ಅಂದರು. ಊಟದ ಬಗ್ಗೆ ಹೇಳಿ ಮೇಡಂ. ಅವರಿಗೆ ಹಲ್ಲಿಲ್ಲ. ಈಚೆಗೆ ಅನ್ನ ಹಾಲು, ಕಾಫಿಗೆ ಅದ್ದಿದ ಬನ್ನು, ಇಷ್ಟರಲ್ಲೇ ದಿನ ಕಳೆಯುತ್ತಿದ್ದರು.

ಪೋಷಣೆ ಓದಿದವಳು (ಚಿಕ್ಕಮಗಳೂರು)

ಅಕ್ಕ, ನೀವು ಈಗ ಹೇಳಿದ್ದು ಮುಖ್ಯ. ಜಿಂಕ್ ಒಂದೇ ಅಲ್ಲ, ಊಟವೂ ಸೋತಿತ್ತು. ಹಾಲಿನಲ್ಲಿ ತಾಮ್ರ ಇಲ್ಲ ಅನ್ನುವಷ್ಟು ಕಡಿಮೆ. ಪಾಲಿಶ್ ಮಾಡಿದ ಅಕ್ಕಿ 100 ಗ್ರಾಂನಲ್ಲಿ ಸುಮಾರು 0.2 ಮಿಲಿಗ್ರಾಂ. ಹಲ್ಲಿಲ್ಲದ, ಒಂಟಿಯಾಗಿ ಉಣ್ಣುವ ವಯಸ್ಸಾದವರು ಅನ್ನ ಹಾಲು, ಬನ್ನು ಕಾಫಿಗೆ ಇಳಿದುಬಿಟ್ಟರೆ ದಿನದ 900 ಮೈಕ್ರೋಗ್ರಾಂ ಮುಟ್ಟುವುದಿಲ್ಲ. ಪುಟ್ಟ ಮಕ್ಕಳಲ್ಲಿ ಈ ಕೊರತೆ ಮೊದಲು ಸ್ಪಷ್ಟವಾಗಿ ಕಂಡದ್ದೂ ಹಾಲಿನಿಂದಲೇ. ಪೆರು ದೇಶದ ಲಿಮಾದಲ್ಲಿ ಬಡಕಲಾದ ಮಕ್ಕಳಿಗೆ ಹೆಚ್ಚಾಗಿ ಹಾಲನ್ನೇ ಕೊಟ್ಟು ಚೇತರಿಸಲು ನೋಡಿದಾಗ ಅವರಿಗೆ ರಕ್ತ, ಬಿಳಿಕಣ ಎರಡೂ ಇಳಿದವು. ತಾಮ್ರ ಕೊಟ್ಟಾಗ ಏರಿದವು. 1964ರಲ್ಲಿ ಅದು ಪ್ರಕಟವಾಯಿತು. ಆರು ತಿಂಗಳ ಮೇಲೆ ಮಗುವಿಗೆ ಹಸುವಿನ ಹಾಲೊಂದೇ ಸಾಲದು ಅಂತ ಅಂಗನವಾಡಿಯಲ್ಲಿ ಹೇಳುವುದಕ್ಕೆ ಇದೂ ಒಂದು ಕಾರಣ. ರಾಗಿ ಸರಿ ಶುರು ಮಾಡಿ.

ನಮ್ಮ ಜಿಲ್ಲೆಗಳ ಹಳೇ ಊಟದಲ್ಲಿ ತಾಮ್ರಕ್ಕೆ ಬರ ಇಲ್ಲ. ರಾಗಿಯಲ್ಲಿ 100 ಗ್ರಾಂಗೆ ಅರ್ಧ ಮಿಲಿಗ್ರಾಂ ಹತ್ತಿರ. ಎರಡು ಹೊತ್ತು ಒಂದೊಂದು ಮುದ್ದೆ ಉಂಡರೆ ದಿನದ ಅಗತ್ಯ ಹೆಚ್ಚುಕಮ್ಮಿ ಅಲ್ಲೇ ಮುಗಿಯುತ್ತದೆ. ಮುದ್ದೆಯನ್ನು ಅಗಿಯುವುದೂ ಬೇಡ, ನುಂಗುವುದು, ಹಲ್ಲಿಲ್ಲದ ಅತ್ತೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಜೊತೆಗೆ ಹುರುಳಿ ಕಟ್ಟಿನ ಸಾರು ಮಾಡುವಾಗ ಬರೀ ಕಟ್ಟು ಬಿಡಬೇಡಿ, ಬೆಂದ ಕಾಳನ್ನೂ ಸ್ವಲ್ಪ ರುಬ್ಬಿ ಸೇರಿಸಿ. ಅವರೆ, ಅಲಸಂದೆ, ಕಡಲೆ ಎಲ್ಲದರಲ್ಲೂ ತಾಮ್ರ ಇದೆ.

ಎಳ್ಳು ನಮ್ಮ ಅಡುಗೆಮನೆಯ ಪೈಕಿ ಮುಂದಿನ ಸಾಲಿನದು. 100 ಗ್ರಾಂಗೆ 4 ಮಿಲಿಗ್ರಾಂ. ಒಂದು ದೊಡ್ಡ ಚಮಚ ಹುರಿದ ಎಳ್ಳಿನ ಪುಡಿ ಅನ್ನಕ್ಕೆ ಕಲಸಿದರೆ ದಿನದ ಅಗತ್ಯದ ಮೂರನೇ ಒಂದು ಭಾಗದ ಮೇಲೆ ಸಿಗುತ್ತದೆ. ಸಂಕ್ರಾಂತಿಗೆ ಮಾತ್ರ ಎಳ್ಳು ಅಂತ ಇಟ್ಟುಕೊಳ್ಳಬೇಡಿ. ಗೋಡಂಬಿಯಲ್ಲಿ ಎರಡು ಮಿಲಿಗ್ರಾಂ, ಅದನ್ನು ರುಬ್ಬಿ ಪಾಯಸಕ್ಕೋ ಸಾರಿಗೋ ಹಾಕಬಹುದು. ಕೊಬ್ಬರಿಯಲ್ಲಿ ಸುಮಾರು 0.8. ಅರಸೀಕೆರೆ, ತಿಪಟೂರು ಕಡೆಯ ಕೊಬ್ಬರಿ ನಿಮಗೆ ಹತ್ತಿರವೇ.

ಮಾಂಸ ತಿನ್ನುವ ಮನೆಯಾದರೆ ಕುರಿ ಈಲಿ. 100 ಗ್ರಾಂನಲ್ಲಿ 7 ಮಿಲಿಗ್ರಾಂ ಹತ್ತಿರ, ವಾರಕ್ಕೊಮ್ಮೆ ಒಂದು ತುಂಡು ಸಾಕು, ಮೆತ್ತಗೆ ಬೇಯುತ್ತದೆ. ಬಸುರಿಯರು ಮಾತ್ರ ಈಲಿ ಜಾಸ್ತಿ ತಿನ್ನಬಾರದು, ವಿಟಮಿನ್ ಎ ಅತಿಯಾಗುತ್ತದೆ. ಕೋಳಿ ಈಲಿಯಲ್ಲಿ ತಾಮ್ರ ಇದರ ಹತ್ತನೇ ಒಂದು ಭಾಗವೂ ಇರುವುದಿಲ್ಲ, ಎರಡೂ ಒಂದೇ ಅಂದುಕೊಳ್ಳಬೇಡಿ. ಮಲೆನಾಡಿನವರಿಗೆ ಮಳೆಗಾಲದ ಏಡಿ ಸಾರು, ಅಣಬೆ ಇದ್ದೇ ಇದೆ.

ಊಟದಿಂದ ಅತಿಯಾಗುವ ಭಯ ಬೇಡ. ಕಡಿಮೆ ತಿಂದಾಗ ಕರುಳು ಅರ್ಧಕ್ಕಿಂತ ಜಾಸ್ತಿ ಎಳೆದುಕೊಳ್ಳುತ್ತದೆ, ಜಾಸ್ತಿ ತಿಂದಾಗ ಕಡಿಮೆ ಎಳೆದುಕೊಳ್ಳುತ್ತದೆ. ಉಳಿದದ್ದನ್ನು ಈಲಿ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಮಾತ್ರೆ ಮಾತ್ರ ಡಾಕ್ಟರು ಬರೆದಷ್ಟೇ.

ಲ್ಯಾಬ್ ಅಕ್ಕ (ಹಾಸನ)

ನಾನು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಪರೀಕ್ಷೆ ಮಾಡಿಸಲು ಹೊರಡುವವರಿಗೆ ಕೆಲವು ಮಾತು.

ಡಾಕ್ಟರು ಬರೆಯುವುದು ಸಾಮಾನ್ಯವಾಗಿ ಸೀರಮ್ ಕಾಪರ್ (ರಕ್ತದಲ್ಲಿನ ತಾಮ್ರ), ಸೆರುಲೊಪ್ಲಾಸ್ಮಿನ್ (ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್), ಜೊತೆಗೆ ಜಿಂಕ್. ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಇದ್ದೇ ಇರುತ್ತದೆ, ಅದರಲ್ಲಿ ನ್ಯೂಟ್ರೊಫಿಲ್ ಅನ್ನುವ ಬಿಳಿಕಣ ಎಷ್ಟಿದೆ ನೋಡಿ. ರಕ್ತಹೀನತೆ ಜೊತೆ ನ್ಯೂಟ್ರೊಫಿಲ್ ಇಳಿದಿದ್ದರೆ ಬರೀ ಐರನ್ ಕೊರತೆ ಅಂತ ಮುಗಿಸಬೇಡಿ ಅಂತ ಡಾಕ್ಟರನ್ನು ಕೇಳಿ. ತಾಮ್ರ, ಜಿಂಕ್‌ಗೆ ರಕ್ತ ತೆಗೆಯುವ ಟ್ಯೂಬೇ ಬೇರೆ, ಗಾಢ ನೀಲಿ ಮುಚ್ಚಳದ್ದು. ಮಾಮೂಲಿ ಟ್ಯೂಬಿನ ರಬ್ಬರಿನಿಂದ ಜಿಂಕ್ ಇಳಿದು ರಿಪೋರ್ಟ್ ತಪ್ಪಾಗಬಹುದು. ಹೆಚ್ಚಿನ ಊರುಗಳಿಂದ ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗುತ್ತದೆ, ರಿಪೋರ್ಟ್ ಅದೇ ದಿನ ಸಿಗುವುದಿಲ್ಲ.

ಜ್ವರ, ಸೋಂಕು, ಕೀಲುವಾತ ಇದ್ದಾಗ ಸೆರುಲೊಪ್ಲಾಸ್ಮಿನ್ ತಾನೇ ಏರುತ್ತದೆ, ತಾಮ್ರವೂ ಏರಿದ ಹಾಗೆ ಕಾಣುತ್ತದೆ. ಬಸುರಿಯರಿಗೆ, ಗರ್ಭನಿರೋಧಕ ಮಾತ್ರೆ ತಿನ್ನುವವರಿಗೂ ಹೀಗೇ. ಅಂಥವರಲ್ಲಿ ನಾರ್ಮಲ್ ಬಂತು ಅಂತ ಪೂರ್ತಿ ನಂಬಲು ಆಗುವುದಿಲ್ಲ. ನೀವು ತಿನ್ನುತ್ತಿರುವ ಎಲ್ಲ ಮಾತ್ರೆಯನ್ನೂ ಡಾಕ್ಟರಿಗೆ ಹೇಳಿ.

ಬಹಳ ಮುಖ್ಯವಾದದ್ದು ಇದು. ರಿಪೋರ್ಟಿನಲ್ಲಿ ತಾಮ್ರ ಕಡಿಮೆ, ಸೆರುಲೊಪ್ಲಾಸ್ಮಿನ್ ಕಡಿಮೆ ಅಂತ ಬಂದ ಕೂಡಲೇ ತಾವೇ ತಾಮ್ರದ ಮಾತ್ರೆ ತಂದುಕೊಳ್ಳಬೇಡಿ. ವಿಲ್ಸನ್ ಕಾಯಿಲೆಯಲ್ಲೂ ರಕ್ತದಲ್ಲಿ ಇವೆರಡೂ ಕಡಿಮೆ ಬರುತ್ತವೆ, ಆದರೆ ಈಲಿ, ಮೆದುಳಿನಲ್ಲಿ ತಾಮ್ರ ತುಂಬಿರುತ್ತದೆ. ಅವರಿಗೆ ತಾಮ್ರ ಕೊಟ್ಟರೆ ಅಪಾಯ. ಎರಡನ್ನೂ ಬೇರೆ ಮಾಡಲು 24 ಗಂಟೆಯ ಮೂತ್ರ ಕೂಡಿಸಿ ತಾಮ್ರ ನೋಡುತ್ತಾರೆ. ವಿಲ್ಸನ್‌ನಲ್ಲಿ ಅದು ಜಾಸ್ತಿ, ಕೊರತೆಯಲ್ಲಿ ಕಡಿಮೆ. ಹುಡುಗ ಹುಡುಗಿಯರಿಗೆ ಕಾಮಾಲೆ, ಕೈ ನಡುಕ, ಮಾತು ತೊದಲುವುದು ಇದ್ದರಂತೂ ಮೊದಲು ವಿಲ್ಸನ್ ಅಲ್ಲ ಅಂತ ಖಚಿತವಾಗಬೇಕು.

ಶೃಂಗೇರಿ ರಸ್ತೆ

ನಮ್ಮ ದೊಡ್ಡಪ್ಪನಿಗೆ ಹುಣ್ಣಿಗೆ ಹೊಟ್ಟೆ ಆಪರೇಷನ್ ಆಗಿ ಎಷ್ಟೋ ವರ್ಷ ಆಯಿತು. ಜಿಂಕ್ ತಿನ್ನುವುದಿಲ್ಲ. ಈಗ ರಕ್ತ ಕಡಿಮೆ, ಕಾಲು ಉರಿ. ಬಿ12 ಕೊಡುತ್ತಿದ್ದಾರೆ. ತಾಮ್ರ ನೋಡಿಸಬೇಕಾ?

ಪೋಷಣೆ ಓದಿದವಳು (ಚಿಕ್ಕಮಗಳೂರು)

ಖಂಡಿತ ಕೇಳಿ. ಜಠರದ ಆಪರೇಷನ್ ಆದವರಿಗೆ ಬಿ12, ಐರನ್, ತಾಮ್ರ ಮೂರೂ ಒಟ್ಟಿಗೆ ಕಡಿಮೆಯಾಗಬಹುದು. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಬಿಡಬಾರದು. ಬಿ12 ನಿಲ್ಲಿಸಬೇಡಿ, ಅದರ ಜೊತೆಗೆ ತಾಮ್ರವನ್ನೂ ನೋಡಿ ಅಂತ ಹೇಳಿ. ಹಳೇ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಸಿಕ್ಕರೆ ತೆಗೆದುಕೊಂಡು ಹೋಗಿ. ಎಷ್ಟು ಭಾಗ ತೆಗೆದಿದ್ದಾರೆ, ಕರುಳನ್ನು ಎಲ್ಲಿಗೆ ಜೋಡಿಸಿದ್ದಾರೆ ಅಂತ ಅದರಲ್ಲಿ ಇರುತ್ತದೆ.

ಹೇಮಾವತಿ ದಂಡೆ (ಹಾಸನ)

ಅತ್ತೆಯ ವಿಷಯ ಕೇಳಿದವರಿಗೆ. ಹೊಸ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 10 ದಾಟಿದೆ, ಬಿಳಿಕಣ ಮಾಮೂಲಿಗೆ ಬಂದಿದೆ. ಮೂಳೆಮಜ್ಜೆಯ ಕಾಯಿಲೆಯ ಮಾತು ಈಗ ಇಲ್ಲ. ಜೋಮು ಮೊಣಕಾಲಿಂದ ಕೆಳಗೆ ಇಳಿದಿದೆ, ಪಾದದಲ್ಲಿ ಹಾಗೇ ಇದೆ. ರಕ್ತ ಕೆಲವು ವಾರದಲ್ಲಿ ಸರಿಹೋಗುತ್ತದೆ, ನರ ಅಷ್ಟು ಬೇಗ ಬರುವುದಿಲ್ಲ, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದೇವೆ, ರಾತ್ರಿ ಹಜಾರದಲ್ಲಿ ದೀಪ ಆರಿಸುವುದಿಲ್ಲ. ಒಂದು ಹೊತ್ತು ಮುದ್ದೆ, ಸಂಜೆ ಎಳ್ಳು ಪುಡಿ ಅನ್ನ ಉಣ್ಣುತ್ತಿದ್ದಾರೆ.

ಮೆಡಿಕಲ್ ಶಾಪಿನವರಿಗೂ ಹೋಗಿ ಹೇಳಿ ಬಂದೆ. ಡಾಕ್ಟರ ಚೀಟಿ ಇಲ್ಲದೆ ಹಳೇ ಸ್ಟ್ರಿಪ್ ತೋರಿಸಿ ತಿಂಗಳಾನುಗಟ್ಟಲೆ ಜಿಂಕ್ ಕೇಳುವವರಿಗೆ ಇನ್ನು ಮುಂದೆ ಒಂದು ಮಾತು ಕೇಳುತ್ತೇವೆ ಅಂದರು.

ಲ್ಯಾಬ್ ಅಕ್ಕ (ಹಾಸನ)

ಒಳ್ಳೆಯ ಸುದ್ದಿ ಹೇಮಾವತಿ. ತಾಮ್ರ ನಾರ್ಮಲ್ ಬಂತು ಅಂತ ಪರೀಕ್ಷೆ ಬಿಡಬೇಡಿ. ಮೈಯಲ್ಲಿ ಸೇರಿದ ಜಿಂಕ್ ಹೊರಗೆ ಹೋಗಲು ತಿಂಗಳುಗಳು ಹಿಡಿಯುತ್ತವೆ, ಅಷ್ಟರಲ್ಲಿ ತಾಮ್ರ ಮತ್ತೆ ಇಳಿಯಬಹುದು. ಡಾಕ್ಟರು ಹೇಳಿದ ದಿನಕ್ಕೆ ತಾಮ್ರ, ಜಿಂಕ್ ಎರಡನ್ನೂ ಮತ್ತೆ ಮಾಡಿಸಿ. ನೀಲಿ ಮುಚ್ಚಳದ ಟ್ಯೂಬ್ ಇದೆಯಾ ಅಂತ ಹೋಗುವ ಮೊದಲು ಲ್ಯಾಬಿಗೆ ಫೋನ್ ಮಾಡಿ ಕೇಳಿ.